ಭಾಲ್ಕಿಗೆ ಬರುತ್ತಿರುವ ತಾಯಿಗೆ, ಇಲ್ಲಿನ ಹೈಸ್ಕೂಲ್ ಟೀಚರ್ ಉತ್ತರ

ಯಜಮಾನರಿಗೆ ಭಾಲ್ಕಿಗೆ ವರ್ಗವಾಗಿದೆ, ಮಗಳು ಈ ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಸೇರಬೇಕು ಅಂತ ಬರೆದಿದ್ದೀರಿ. ಮೈಸೂರಿನ ಶಾಲೆಯಲ್ಲಿ ಕೌನ್ಸೆಲರ್ ಇದ್ದರು, ನಿಮ್ಮ ಕಡೆ ಇರುತ್ತಾರಾ, ನಿಯಮಗಳು ಹೇಗೆ ಅಂತ ಕೇಳಿದ್ದೀರಿ.

ನೇರವಾಗಿ ಹೇಳುತ್ತೇನೆ. ನಾನು ವಿಜ್ಞಾನ ಕಲಿಸುವ ಸರ್ಕಾರಿ ಹೈಸ್ಕೂಲಿನಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಅದಕ್ಕೆ ಅಂತ ಬೇರೆ ಕೋಣೆಯೂ ಇಲ್ಲ. ಸಿಬಿಎಸ್‌ಇ ಶಾಲೆಗಳಲ್ಲಿ ಆಪ್ತ ಸಮಾಲೋಚಕರು ಇರಬೇಕು ಅನ್ನುವ ನಿಯಮವಿದೆ. ನಿಮ್ಮ ಮಗಳ ಹಳೆಯ ಶಾಲೆ ಅಂಥದ್ದೇ ಇರಬೇಕು. ನಮ್ಮಲ್ಲಿ ಆ ಕೆಲಸವನ್ನು ಕ್ಲಾಸ್ ಟೀಚರ್ ಮಾಡುತ್ತಾರೆ. ಹೆಡ್‌ಮಾಸ್ತರ್ ಮಾಡುತ್ತಾರೆ. ಎಷ್ಟೋ ಸಲ ಬಿಸಿಯೂಟ ಬಡಿಸುವ ಅಕ್ಕ ಮಾಡುತ್ತಾರೆ, ಯಾಕೆಂದರೆ ಯಾವ ಹುಡುಗಿ ಎರಡು ದಿನದಿಂದ ಊಟ ಬಿಡುತ್ತಿದ್ದಾಳೆ ಅಂತ ಮೊದಲು ಗೊತ್ತಾಗುವುದು ಅವರಿಗೇ.

ಇಲ್ಲಿ ಮಕ್ಕಳಿಗೆ ಯಾವ ವಿಷಯದಲ್ಲಿ ಸಲಹೆ ಬೇಕಾಗುತ್ತದೆ ಅನ್ನುವುದೇ ಬೇರೆ. ಅದು ಅರ್ಥವಾಗಬೇಕಾದರೆ ಊರಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು. ನಮ್ಮ ಜಿಲ್ಲಾ ಕೇಂದ್ರ ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಹೈದರಾಬಾದ್ ಸುಮಾರು 140. ಬೀದರಿನಲ್ಲಿ ರೈಲು ಹತ್ತಿದರೆ ಭಾಲ್ಕಿ, ಕಮಲನಗರ ದಾಟಿ ಉದಗೀರ, ಅಂದರೆ ಮಹಾರಾಷ್ಟ್ರ. ಇನ್ನೂ ಮುಂದೆ ಲಾತೂರು ರೋಡ್. ಲಾತೂರಿನ ಕೋಚಿಂಗ್ ಹೆಸರು ಕೇಳಿದ್ದೀರಿ ಅಲ್ವಾ? ನಮ್ಮ ಜಾಣ ಮಕ್ಕಳ ಅಪ್ಪಂದಿರ ಕಣ್ಣು ಒಂದೋ ಆ ಕಡೆ, ಇಲ್ಲ ಹೈದರಾಬಾದ್ ಕಡೆ. ಇತ್ತೀಚಿನ ವರ್ಷಗಳಲ್ಲಿ ಬೀದರಿನಲ್ಲೇ ನೀಟ್ ತಯಾರಿ ಜೋರಾಗಿದೆ, ಹೊರ ಜಿಲ್ಲೆಯ ಮಕ್ಕಳೂ ಇಲ್ಲಿಗೆ ಬಂದು ಹಾಸ್ಟೆಲ್‌ನಲ್ಲಿ ಓದುತ್ತಾರೆ. ಆದರೂ ಹಳ್ಳಿಯ ಮನೆಗಳಲ್ಲಿ ಮಾತು ಶುರುವಾಗುವುದು ಲಾತೂರಿನಿಂದಲೇ.

ಭಾಷೆಯ ವಿಷಯವೂ ಹೀಗೇ. ನನ್ನ ಎಂಟನೇ ತರಗತಿಯಲ್ಲಿ ಕನ್ನಡ ಮನೆಮಾತಿನ ಮಕ್ಕಳಿದ್ದಾರೆ, ಮರಾಠಿಯವರಿದ್ದಾರೆ, ತಾಂಡಾದಿಂದ ಬರುವ ಲಂಬಾಣಿ ಮಕ್ಕಳಿದ್ದಾರೆ, ಮನೆಯಲ್ಲಿ ಉರ್ದು ಆಡುವವರಿದ್ದಾರೆ. ಔರಾದ, ಕಮಲನಗರ ಕಡೆ ಸರ್ಕಾರಿ ಮರಾಠಿ ಮಾಧ್ಯಮದ ಶಾಲೆಗಳೂ ಇವೆ. ನಿಜಾಮರ ಕಾಲದಲ್ಲಿ ಇಲ್ಲಿ ಶಾಲೆಯ ಭಾಷೆ ಉರ್ದು. ಆಗ ಭಾಲ್ಕಿ ಮಠದ ಸ್ವಾಮೀಜಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ, ಒಳಗೆ ಕನ್ನಡ ಕಲಿಸಿದರು. ಇದು ಇಲ್ಲಿನ ಪ್ರತಿ ಮನೆಗೂ ಗೊತ್ತಿರುವ ಸಂಗತಿ. ಹಾಗಾಗಿ ಯಾವ ಮಾಧ್ಯಮದಲ್ಲಿ ಓದಿಸಬೇಕು ಅನ್ನುವ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಆ ಆಯ್ಕೆಗೆ ಕಾಗದದ ಮೇಲೆ ಎಷ್ಟು ಬೆಲೆ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ನನ್ನ ಕೆಲಸ ಜಾಸ್ತಿ ಇರುವುದು ಅಲ್ಲೇ.

ಒಬ್ಬ ಹುಡುಗನ ಕತೆ ಹೇಳುತ್ತೇನೆ. ಒಂದರಿಂದ ಏಳರವರೆಗೆ ಹಳ್ಳಿಯ ಕನ್ನಡ ಶಾಲೆ. ಗಣಿತದಲ್ಲಿ ಬಹಳ ಚುರುಕು. ಎಂಟನೇ ತರಗತಿಗೆ ಅವನ ಅಪ್ಪ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದರು. ಎರಡು ಎಕರೆ ಹೊಲದ ಸೋಯಾ, ತೊಗರಿ ಮಾರಿದ ದುಡ್ಡಿನಲ್ಲಿ ಫೀ ಕಟ್ಟಿದರು. ಒಂಬತ್ತರ ಕೊನೆಗೆ ಆಗಲಿಲ್ಲ, ಹತ್ತಕ್ಕೆ ನಮ್ಮ ಶಾಲೆಗೆ ವಾಪಸ್ ಬಂದ. ಪಿಯುಸಿ ಚೆನ್ನಾಗಿ ಮಾಡಿದ, ಸಿಇಟಿ ಬರೆದ. ಆಗ ಅರ್ಜಿಯಲ್ಲಿ ಎರಡು ಪ್ರಶ್ನೆ ಬಂದವು. ಒಂದರಿಂದ ಹತ್ತರವರೆಗೆ ಪೂರ್ತಿ ಕನ್ನಡ ಮಾಧ್ಯಮವೇ? ಒಂದರಿಂದ ಹತ್ತರವರೆಗೆ ಪೂರ್ತಿ ಗ್ರಾಮೀಣ ಶಾಲೆಯೇ? ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್, ಗ್ರಾಮೀಣಕ್ಕೆ 15 ಪರ್ಸೆಂಟ್ ಸೀಟು ಇರುತ್ತವೆ. ನಡುವಿನ ಆ ಎರಡು ವರ್ಷದಿಂದ ಅವನಿಗೆ ಎರಡೂ ತಪ್ಪಿದವು. ಅವನ ಅಪ್ಪ ನನ್ನ ಮುಂದೆ ಕೂತು, "ಆಗೇ ಯಾರರ ಹೇಳಿದ್ರ ನಾ ಕಳಸ್ತಿದ್ದಿಲ್ರಿ ಅಕ್ಕೋರೆ" ಅಂದರು. ಆ ಮಾತು ನನ್ನ ಎದೆಯಲ್ಲಿ ಹಾಗೇ ಉಳಿದಿದೆ. ಏಳನೇ ತರಗತಿ ಮುಗಿಯುವಾಗ ಅವರ ಪಕ್ಕದಲ್ಲಿ ಕೂತು ಹೇಳುವವರು ಒಬ್ಬರು ಬೇಕಿತ್ತು.

ಅದಕ್ಕೇ ನಾನು ಪಾಲಕರ ಸಭೆಯನ್ನು ಎಂಟನೇ ತರಗತಿಯ ಶುರುವಿನಲ್ಲೇ ಕರೆಯಿರಿ ಅಂತ ಹಟ ಹಿಡಿದೆ. ಹತ್ತನೇ ತರಗತಿಯಲ್ಲಿ ಹೇಳಿದರೆ ತಡವಾಗುತ್ತದೆ. ಇಂಗ್ಲಿಷ್ ಮಾಧ್ಯಮ ಬೇಡ ಅಂತ ನಾನು ಹೇಳುವುದಿಲ್ಲ. ಹೋಗುವುದಾದರೆ ಏನು ಬಿಟ್ಟು ಹೋಗುತ್ತೀರಿ ಅನ್ನುವುದು ಗೊತ್ತಿರಲಿ ಅನ್ನುತ್ತೇನೆ. ಅಪ್ಪ ಮಾತ್ರ ಬಂದರೆ ಅವ್ವನನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಮರಾಠಿ ಮನೆಯವರಿಗೆ ಮರಾಠಿಯಲ್ಲೇ ಹೇಳುತ್ತೇನೆ. ನನ್ನ ಮರಾಠಿ ಅಷ್ಟೇನೂ ಚೆಂದವಿಲ್ಲ, ಆದರೆ ಅವರಿಗೆ ಕೆಲಸ ಆಗುತ್ತದೆ.

371ಜೆ ಬಗ್ಗೆಯೂ ಆ ಸಭೆಯಲ್ಲೇ ಹೇಳುತ್ತೇವೆ. ನೀವು ಮೈಸೂರಿನಲ್ಲಿ ಈ ಹೆಸರು ಕೇಳಿರಬಹುದು, ಕೆಲಸ ಬಿದ್ದಿರಲಿಕ್ಕಿಲ್ಲ. ಹಿಂದುಳಿದ ಈ ಭಾಗಕ್ಕಾಗಿ ಸಂವಿಧಾನಕ್ಕೆ ಸೇರಿಸಿದ ಕಲಮು ಅದು. 2012ರ ಕೊನೆಗೆ ಸಂಸತ್ತು ಒಪ್ಪಿತು, 2013ರಲ್ಲಿ ಜಾರಿಗೆ ಬಂತು. ಇಲ್ಲಿನ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಇಲ್ಲಿನವರಿಗೆ, ರಾಜ್ಯದ ಉಳಿದ ಕಡೆ 8 ಪರ್ಸೆಂಟ್. ಎಷ್ಟೋ ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಿದ್ದು ಇದರಿಂದ. ಆದರೆ ಅದಕ್ಕೆ ಎಸಿ (ಅಸಿಸ್ಟೆಂಟ್ ಕಮಿಷನರ್) ಸಾಹೇಬರ ಕಚೇರಿಯ ಪ್ರಮಾಣಪತ್ರ ಬೇಕು. ಸಿಇಟಿ ಅರ್ಜಿಯ ಹೊತ್ತಿಗೆ ಓಡಾಡಿದರೆ ಆಗ ಎಲ್ಲರೂ ಅಲ್ಲೇ ಸಾಲಿನಲ್ಲಿ ನಿಂತಿರುತ್ತಾರೆ. ಮೊದಲೇ ಮಾಡಿಸಿ ಅಂತ ನಾವು ಬೆನ್ನು ಹತ್ತುತ್ತೇವೆ. ನಿಮ್ಮ ಮಗಳಿಗೆ ಇದು ಸಿಗುವುದಿಲ್ಲ. ವರ್ಗವಾಗಿ ಈಗ ಬರುವವರಿಗೆ ಇದಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇದು ಬೇಕೇ ಬೇಕು.

ಇನ್ನು ಹೆಸರು ಮತ್ತು ಜನ್ಮದಿನಾಂಕ. ಗಡಿ ದಾಟಿ ಓದಿ ಬಂದ ಮಕ್ಕಳ ಟಿಸಿಯಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು, ಮನೆತನದ ಹೆಸರು ಬೇರೆ ಸಾಲಿನಲ್ಲಿ ಬಂದಿರುತ್ತವೆ. ಆಧಾರ್‌ನಲ್ಲಿ ಇನ್ನೊಂದು ಥರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಮ್ಮೆ ಅಚ್ಚಾದರೆ ಬದಲಾಯಿಸಲು ವರ್ಷಗಟ್ಟಲೆ ಅಲೆಯಬೇಕು. ಪರೀಕ್ಷೆಗೆ ಮಕ್ಕಳ ವಿವರ ಕಳಿಸುವ ಮೊದಲು ನಾವು ಪ್ರತಿ ಮಗುವಿನ ಮನೆಗೂ ಆ ಕಾಗದ ಕಳಿಸಿ, ಓದಿ ಸಹಿ ಮಾಡಿಸಿಕೊಳ್ಳುತ್ತೇವೆ. ಓದಲು ಬಾರದ ಅವ್ವನಿಗೆ ಮಗಳೇ ಓದಿ ಹೇಳುತ್ತಾಳೆ.

ಹಾಜರಿ 75 ಪರ್ಸೆಂಟ್ ಇರಬೇಕು. ಇದು ನಿಮ್ಮ ಕಡೆಯೂ ಇರುವ ನಿಯಮವೇ. ಆದರೆ ಇಲ್ಲಿ ಇದರ ಭಾರ ಬೇರೆ. ದೀಪಾವಳಿ ಆದ ಮೇಲೆ ತಾಂಡಾದ ಎಷ್ಟೋ ಕುಟುಂಬಗಳು ಪುಣೆ, ಮುಂಬೈ, ಹೈದರಾಬಾದ್‌ಗೆ ಕೂಲಿಗೆ ಹೋಗುತ್ತವೆ. ದೊಡ್ಡ ಹುಡುಗಿಯನ್ನು ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಕರೆದುಕೊಂಡು ಹೋಗುತ್ತಾರೆ. ಆಗ ನಾವು ಹೆಡ್‌ಮಾಸ್ತರ್ ಜೊತೆ ತಾಂಡಾಕ್ಕೆ ಹೋಗುತ್ತೇವೆ. ಅಜ್ಜಿಯ ಹತ್ತಿರ ಬಿಡಿ, ಇಲ್ಲ ಹಾಸ್ಟೆಲ್‌ಗೆ ಸೇರಿಸೋಣ ಅಂತ ಮಾತಾಡುತ್ತೇವೆ. ಕೆಲವರು ಕೇಳುತ್ತಾರೆ. ಕೆಲವರಿಗೆ ಕೇಳುವ ಸ್ಥಿತಿಯೇ ಇರುವುದಿಲ್ಲ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗುವುದಿಲ್ಲ. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಅಂತ ಒಂದು ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಕೂಲಿಗೆ ಹೋಗುವ ಮನೆಯಲ್ಲಿ ಈ ಮೊತ್ತ ಮಗುವನ್ನು ಶಾಲೆಯಲ್ಲೇ ಉಳಿಸುತ್ತದೆ. ಅದಕ್ಕೆ ನಾವು ಬೆಳಿಗ್ಗೆ ಒಂದು ಗಂಟೆ ಮೊದಲೇ ಬಂದು ಆ ಮಕ್ಕಳಿಗೆ ತಯಾರಿ ಮಾಡಿಸುತ್ತೇವೆ. (ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಹಾಜರಿ ಕೇಳಬೇಡಿ. ಅವತ್ತು ಇಡೀ ಜಿಲ್ಲೆ ಹೊಲದಲ್ಲಿರುತ್ತದೆ, ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ ಜೊತೆ.)

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ.

ಮೊದಲೆಲ್ಲ ಒಂದು ವಿಷಯದಲ್ಲಿ ಫೇಲಾದ ಹುಡುಗಿಯ ಓದು ಅವತ್ತೇ ಮುಗಿದ ಹಾಗೆ. ಸಾಯಂಕಾಲದ ಹೊತ್ತಿಗೆ ಮನೆಯಲ್ಲಿ ಲಗ್ನದ ಮಾತು. ಒಬ್ಬ ತಾಯಿ ನನಗೆ ಹೇಳಿದ್ದರು: "ಪೋರಿ ಫೇಲ್ ಆಗ್ಯಾಳ್ರಿ ಅಕ್ಕೋರೆ. ಮನ್ಯಾಗ ಕೂಡ್ಸಿ ಏನ್ ಮಾಡಮ್ರಿ? ಛಲೋ ಮನಿ ಬಂದದ." ಆ ತಾಯಿ ಕೆಟ್ಟವಳಲ್ಲ. ಮಗಳು ಖಾಲಿ ಕೂತರೆ ಜನ ಏನೆಂದಾರು ಅನ್ನುವ ಹೆದರಿಕೆ ಅದು. ಹುಡುಗಿಗೆ ಹದಿನಾರು ವರ್ಷ. 18 ತುಂಬದೆ ಮದುವೆ ಮಾಡಿದರೆ ಅಪರಾಧ ಅಂತ ಹೇಳಬಹುದು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ಬೇಕಾದಾಗ ಮಾಡಿದ್ದೇವೆ ಕೂಡ. ಆದರೆ ಅದಕ್ಕೂ ಮೊದಲು ಆ ಮನೆಗೆ ಹೇಳಲು ಬೇರೆ ಒಂದು ಮಾತು ಬೇಕು.

ಆ ಮಾತು ನಮಗೆ ಸಿಕ್ಕಿದ್ದು 2024ರಿಂದ. ಆ ವರ್ಷ ಪರೀಕ್ಷಾ ಮಂಡಳಿ ಒಂದರ ಬದಲು ಮೂರು ಪರೀಕ್ಷೆ ಇಟ್ಟಿತು. ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3. ಬರೆದ ಪರೀಕ್ಷೆಗಳಲ್ಲಿ ಎಲ್ಲಿ ಜಾಸ್ತಿ ಅಂಕ ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಹೀಗಾಗಿ ಫೇಲ್ ಅನ್ನುವ ಪದವನ್ನೇ ನಾನು ಬಳಸುವುದು ಬಿಟ್ಟೆ. ಫಲಿತಾಂಶದ ದಿನ ಆ ಮನೆಗೆ ಹೋಗಿ, "ಇನ್ನೂ ಪರೀಕ್ಷೆ ಮುಗಿದಿಲ್ಲ, ಎರಡನೇದು ಇದೆ, ನಾಳೆಯಿಂದ ಶಾಲೆಗೆ ಕಳಿಸಿ" ಅನ್ನುತ್ತೇನೆ. ಬೇಸಿಗೆಯ ಬಿಸಿಲಿನಲ್ಲಿ ಬೇವಿನ ಮರದ ಕೆಳಗೆ ಆರೇಳು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇವೆ. ಶಾಲೆಗೆ ಹೋಗುವ ಹುಡುಗಿಗೆ ಮನೆಯಲ್ಲಿ ಗಂಡು ಹುಡುಕುವುದು ಕಡಿಮೆ. ಇದು ನಾನು ಕಣ್ಣಾರೆ ಕಂಡದ್ದು. ಒಂದು ಪರೀಕ್ಷೆಯ ನಿಯಮ ಇಷ್ಟು ಕೆಲಸ ಮಾಡುತ್ತದೆ ಅಂತ ಅದನ್ನು ತಂದವರಿಗೂ ಗೊತ್ತಿತ್ತೋ ಇಲ್ಲವೋ.

ಅವತ್ತು ತೀರಾ ಕುಗ್ಗಿದ ಮಕ್ಕಳನ್ನು ಒಬ್ಬರೇ ಬಿಡಬಾರದು. ಮನಸ್ಸಿನ ಸಂಕಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಇದೆ, ಟೆಲಿ-ಮಾನಸ್, ನಂಬರ್ 14416. ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲಿ ಮಾತಾಡುತ್ತಾರೆ. ಇದನ್ನು ನಾವು ಹತ್ತನೇ ತರಗತಿಯ ಬೋರ್ಡಿನ ಮೂಲೆಯಲ್ಲಿ ವರ್ಷಪೂರ್ತಿ ಅಳಿಸದೆ ಬಿಟ್ಟಿರುತ್ತೇವೆ. ನಿಮ್ಮ ಮಗಳ ಫೋನಿನಲ್ಲೂ ಇರಲಿ.

ಹತ್ತನೇ ತರಗತಿ ಆದ ಮೇಲಿನ ದಾರಿಯ ಬಗ್ಗೆ ಇಲ್ಲಿ ಎರಡೇ ಉತ್ತರ ಕೇಳುತ್ತೀರಿ. ಜಾಣರಾದರೆ ಸೈನ್ಸ್, ಇಲ್ಲದಿದ್ದರೆ ಆರ್ಟ್ಸ್. ಡಿಪ್ಲೊಮಾ ಮೂರು ವರ್ಷ ಮಾಡಿದರೆ ಆಮೇಲೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು ಅಂದರೆ ಅಪ್ಪಂದಿರು ಹೌದೇನ್ರಿ ಅಂತ ಕಣ್ಣರಳಿಸುತ್ತಾರೆ. ಐಟಿಐ ಬಗ್ಗೆ ಕೇಳುವವರು ಕಡಿಮೆ. ಬೀದರಿನಲ್ಲೇ ಪಶು ವಿಶ್ವವಿದ್ಯಾಲಯ ಇದೆ, ಮನೆಯಲ್ಲಿ ಎಮ್ಮೆ ಕಟ್ಟಿಕೊಂಡು ಬೆಳೆದ ಮಕ್ಕಳಿಗೆ ಅದು ಹೊಳೆಯುವುದೇ ಇಲ್ಲ. ವರ್ಷಕ್ಕೊಮ್ಮೆ ಒಂಬತ್ತನೇ ತರಗತಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮಹಾರಾಷ್ಟ್ರಕ್ಕೆ ಓದಲು ಹೋಗುವವರಿಗೆ ಒಂದು ಮಾತು ಹೇಳುತ್ತೇನೆ. ಕರ್ನಾಟಕದಲ್ಲಿ ಒಟ್ಟು ಏಳು ವರ್ಷ ಓದಿ, ಹತ್ತು ಅಥವಾ ಹನ್ನೆರಡರಲ್ಲಿ ಒಂದನ್ನು ಇಲ್ಲಿ ಪಾಸು ಮಾಡಿದ್ದರೆ ಸಿಇಟಿ ಸೀಟಿಗೆ ಅರ್ಹತೆ ಉಳಿಯುತ್ತದೆ. ಆದ್ದರಿಂದ ಹತ್ತನ್ನು ಇಲ್ಲೇ ಮುಗಿಸಿ ಹೋಗಿ. ಹುಡುಗಿಯರಿಗೆ ಇನ್ನೊಂದು ಲೆಕ್ಕ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಪುಕ್ಕಟೆ. ಹಳ್ಳಿಯಿಂದ ಭಾಲ್ಕಿ ಕಾಲೇಜಿಗೆ ಹೋಗಿಬರಲು ಅಪ್ಪನ ಹತ್ತಿರ ದುಡ್ಡು ಕೇಳಬೇಕಿಲ್ಲ. ಕಾಲೇಜು ಬಿಡಿಸಲು ಮನೆಯವರಿಗೆ ಒಂದು ನೆಪ ಕಡಿಮೆಯಾಯಿತು.

ನಿಮ್ಮ ಮಗಳಿಗೆ ಇದರಲ್ಲಿ ಜಾಸ್ತಿ ಯಾವುದೂ ತಟ್ಟುವುದಿಲ್ಲ. ಆದರೆ ಇಂಥ ಮಕ್ಕಳ ಪಕ್ಕದಲ್ಲಿ ಅವಳು ಕೂರುತ್ತಾಳೆ. ಅದು ನಿಮಗೆ ಗೊತ್ತಿರಲಿ ಅಂತ ಇಷ್ಟು ಬರೆದೆ. ಸಿಬಿಎಸ್‌ಇ ಬಿಟ್ಟು ರಾಜ್ಯ ಪಠ್ಯಕ್ಕೆ ಬರುವುದಾದರೆ ಒಂಬತ್ತರಲ್ಲೇ ಬರಲಿ, ಹತ್ತರಲ್ಲಿ ಬೇಡ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ ನೂರು ನೂರು. ಕನ್ನಡವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳಬೇಕೋ ದ್ವಿತೀಯವಾಗಿಯೋ ಅಂತ ಸೇರಿಸುವ ಮೊದಲೇ ಅವಳ ಜೊತೆ ಕೂತು ಮಾತಾಡಿ. ಮೊದಲ ಒಂದು ತಿಂಗಳು ಇಲ್ಲಿನ ಕನ್ನಡ ಅವಳಿಗೆ ತೊಡಕಾಗಬಹುದು. "ಹೋಗ್ಲಕತ್ತೀನಿ", "ಬರ್ಲಾಕ", "ಏನದ" ಅನ್ನುವುದೆಲ್ಲ ಹೊಸದು. ಇಲ್ಲಿನ ಹುಡುಗಿಯರಿಗೂ ಅವಳ ಮೈಸೂರು ಕನ್ನಡ ಹೊಸದೇ, ಬಾಯಿ ತೆರೆದು ಕೇಳುತ್ತಾರೆ.

ಬರುವಾಗ ಟಿಸಿ, ಹಿಂದಿನ ವರ್ಷದ ಅಂಕಪಟ್ಟಿ, ಆಧಾರ್ ಮತ್ತು ಶಾಲೆಯಿಂದ ಅವಳ ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಗುರುತಿನ ಸಂಖ್ಯೆ) ತಪ್ಪದೆ ಬರೆಸಿಕೊಂಡು ತನ್ನಿ. ಆ ನಂಬರ್ ಇದ್ದರೆ ದಾಖಲಾತಿ ಒಂದೇ ದಿನದ ಕೆಲಸ. ಸೇರಿಸಿದ ಮೇಲೆ ಕ್ಲಾಸ್ ಟೀಚರ್ ಯಾರು ಅಂತ ಕೇಳಿ, ಮೊದಲ ವಾರದಲ್ಲೇ ಹೋಗಿ ಒಮ್ಮೆ ಮಾತಾಡಿ ಬನ್ನಿ. ಇಲ್ಲಿ ನಿಮ್ಮ ಮಗಳ ಕೌನ್ಸೆಲರ್ ಅವರೇ.