ಎಂಎಸ್ ಅನುಮಾನ ಇದ್ದರೆ 7 ಟೆಸ್ಲಾ ಸ್ಕ್ಯಾನ್ ಬೇಕೇ ಬೇಕಾ?

ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗೆ ಹಾನಿ ಮಾಡುವ ಕಾಯಿಲೆ) ಇರಬಹುದು ಅಂದಿದ್ದಾರೆ, 3 ಟೆಸ್ಲಾ ಎಂಆರ್‌ಐ ಆಗಿದೆ, ಈಗ 7 ಟೆಸ್ಲಾ ಹುಡುಕಿಕೊಂಡು ಹೋಗಬೇಕಾ ಅಂತ ಕೇಳಿದ್ದೀರಿ. ಟೆಸ್ಲಾ ಅಂದರೆ ಯಂತ್ರದ ಕಾಂತಕ್ಷೇತ್ರದ ಬಲದ ಅಳತೆ. ನನ್ನ ಕೆಲಸವೇ ಎಂಆರ್‌ಐ ವಿಭಾಗದಲ್ಲಿ. ಹೆಚ್ಚಿನವರಿಗೆ ಬೇಕಿಲ್ಲ. ಆದರೆ ಇದು ಎಂಎಸ್ ಹೌದೋ ಅಲ್ಲವೋ ಅನ್ನುವುದೇ ಬಗೆಹರಿಯದಿದ್ದರೆ ಅದರಿಂದ ನಿಜಕ್ಕೂ ಉಪಯೋಗ ಇದೆ.

ಸ್ಕ್ಯಾನ್ ಚಿತ್ರದಲ್ಲಿ ಮಿದುಳಲ್ಲಿ ಬಿಳಿ ಚುಕ್ಕೆ ಕಂಡ ಮಾತ್ರಕ್ಕೆ ಎಂಎಸ್ ಅಂತಲ್ಲ. ಮೈಗ್ರೇನ್ ಇದ್ದವರಲ್ಲೂ, ಬಿಪಿ ಇದ್ದವರಲ್ಲೂ, ಸುಮ್ನೆ ವಯಸ್ಸಾದವರಲ್ಲೂ ಚುಕ್ಕೆ ಇರುತ್ತದೆ, ಅದನ್ನೇ ಎಂಎಸ್ ಅಂದುಕೊಂಡು ವರ್ಷಗಟ್ಟಲೆ ಔಷಧಿ ಕೊಟ್ಟ ಉದಾಹರಣೆಗಳೂ ಇವೆ. ಎಂಎಸ್ ಚುಕ್ಕೆ ಸಾಮಾನ್ಯವಾಗಿ ಒಂದು ಸಣ್ಣ ವೇನ್ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ಸುತ್ತ ಬೆಳೆಯುತ್ತದೆ. ವೇನ್‌ನಲ್ಲಿ ಆಮ್ಲಜನಕ ಕಮ್ಮಿಯಾದ ರಕ್ತ ಇರುವುದರಿಂದ ಅದು ಸುತ್ತಲಿನ ಕಾಂತಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ, ಕ್ಷೇತ್ರ ಜಾಸ್ತಿಯಾದಷ್ಟೂ ಆ ಪರಿಣಾಮವೂ ಜಾಸ್ತಿ. ಹಾಗಾಗಿ 7 ಟೆಸ್ಲಾ ಚಿತ್ರದಲ್ಲಿ ಬಿಳಿ ಚುಕ್ಕೆಯ ನಟ್ಟನಡುವೆ ಸಣ್ಣ ಕಪ್ಪು ಗೆರೆ ಹಾದುಹೋಗಿರುವುದು ಎದ್ದು ಕಾಣುತ್ತದೆ. ಇದೇ ಸೆಂಟ್ರಲ್ ವೇನ್ ಸೈನ್. ಹೆಚ್ಚಿನ ಚುಕ್ಕೆಗಳಲ್ಲಿ ಗೆರೆ ಇದ್ದರೆ ಎಂಎಸ್ ಕಡೆಗೆ ತೂಕ, ಎಲ್ಲೂ ಇಲ್ಲದಿದ್ದರೆ ಬೇರೆ ಕಾರಣ ಹುಡುಕಬೇಕು. ಕೆಲವು ಚುಕ್ಕೆಗಳ ಅಂಚಿಗೆ ಕಪ್ಪು ಉಂಗುರ ಇರುತ್ತದೆ, ಅದು ಕಬ್ಬಿಣ ತುಂಬಿಕೊಂಡ ರೋಗನಿರೋಧಕ ಕೋಶಗಳದ್ದು, ಅಂದರೆ ಒಳಗೆ ಉರಿಯೂತ ಇನ್ನೂ ಆರಿಲ್ಲ. ಈ ಎರಡು ಗುರುತುಗಳೂ ಎಂಎಸ್ ಹೌದೋ ಅಲ್ಲವೋ ಅಂತ ತೀರ್ಮಾನಿಸಲು ವೈದ್ಯರು ಬಳಸುವ 2024ರ ಮೆಕ್‌ಡೊನಾಲ್ಡ್ ಮಾನದಂಡದಲ್ಲಿ ಸೇರಿವೆ. ಆದರೆ ಅದಕ್ಕೆ 7 ಟೆಸ್ಲಾ ಕಡ್ಡಾಯ ಅಲ್ಲ. ಸರಿಯಾದ ಸೀಕ್ವೆನ್ಸ್ (ಚಿತ್ರ ತೆಗೆಯುವ ವಿಧಾನ) ಹಾಕಿದರೆ 3 ಟೆಸ್ಲಾದಲ್ಲೂ ಇವು ಕಾಣುತ್ತವೆ.

7 ಟೆಸ್ಲಾ ನಿಜವಾಗಿ ಮುಂದಿರುವುದು ಮಿದುಳಿನ ಹೊರಪದರದ, ಅಂದರೆ ಕಾರ್ಟೆಕ್ಸ್‌ನ ಗಾಯಗಳನ್ನು ತೋರಿಸುವುದರಲ್ಲಿ. ನೆನಪಿನ ತೊಂದರೆಗೆ, ನಿಧಾನವಾಗಿ ಹೆಚ್ಚುವ ಅಂಗವೈಕಲ್ಯಕ್ಕೆ ಇವುಗಳ ನಂಟಿದೆ, ಮಾಮೂಲಿ ಸ್ಕ್ಯಾನ್‌ನಲ್ಲಿ ಇವುಗಳಲ್ಲಿ ಬಹುಪಾಲು ತಪ್ಪಿಹೋಗುತ್ತವೆ. ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ, ಏಕೆಂದರೆ ಎಷ್ಟೋ ರೋಗಿಗಳು 'ರಿಪೋರ್ಟ್‌ನಲ್ಲಿ ಹೊಸದೇನೂ ಇಲ್ಲ ಅಂತಾರೆ, ಆದರೂ ನನಗೆ ಕಷ್ಟ ಜಾಸ್ತಿಯಾಗ್ತಿದೆ' ಅನ್ನುತ್ತಾರೆ, ಅವರ ಮಾತು ಸುಳ್ಳಲ್ಲ. ಆದರೆ ಆ ಗಾಯ ನೋಡಿ ಔಷಧಿ ಬದಲಿಸುವ ಗಟ್ಟಿ ನಿಯಮ ಇನ್ನೂ ಬಂದಿಲ್ಲ.

ತೊಡಕುಗಳೂ ಇವೆ. ಮಿದುಳಿನಲ್ಲಿ ಕಿವಿಯ ಹತ್ತಿರದ ಭಾಗ, ಕಿರುಮಿದುಳು ಕೆಲವೊಮ್ಮೆ ಮಸುಕಾಗುತ್ತವೆ. ಬೆನ್ನುಹುರಿ ಚೆನ್ನಾಗಿ ಬರುವುದು ಕಷ್ಟ, ಎಂಎಸ್‌ನಲ್ಲಿ ಅದನ್ನು ಬಿಡುವಂತಿಲ್ಲ ಅಲ್ವಾ. ಟೇಬಲ್ ಒಳಗೆ ಹೋಗುವಾಗ ಕೆಲವರಿಗೆ ತಲೆ ಸುತ್ತುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ. 3 ಟೆಸ್ಲಾಗೆ ಸರಿ ಅಂದ ಇಂಪ್ಲಾಂಟ್ ಇಲ್ಲಿಗೆ ಸರಿ ಅಂತಲ್ಲ. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಮೊದಲ 7 ಟೆಸ್ಲಾ ಯಂತ್ರಕ್ಕೆ ರೋಗಿಗಳ ಸ್ಕ್ಯಾನ್‌ಗೆ ಒಪ್ಪಿಗೆ ಕೊಟ್ಟಿತು, ಆದರೂ ಈ ಯಂತ್ರ ಇರುವ ಜಾಗ ಕಮ್ಮಿ.

ಮೊದಲು ನ್ಯೂರಾಲಜಿಸ್ಟ್ ಹತ್ತಿರ ಇದನ್ನು ಕೇಳಿ: ಆಗಿರುವ ಸ್ಕ್ಯಾನ್‌ನಲ್ಲಿ ವೇನ್, ಕಬ್ಬಿಣ ಎದ್ದು ಕಾಣಿಸುವ ಎಸ್‌ಡಬ್ಲ್ಯುಐ ಅಥವಾ ಟಿ2 ಸ್ಟಾರ್ ಸೀಕ್ವೆನ್ಸ್ ಇತ್ತಾ, ಚುಕ್ಕೆಗಳಲ್ಲಿ ವೇನ್ ಇದೆಯಾ ಅಂತ ಯಾರಾದರೂ ನೋಡಿದ್ದಾರಾ, ಬೆನ್ನುಹುರಿಯದ್ದೂ ಆಗಿದೆಯಾ. ಅದೆಲ್ಲ ಆಗಿಯೂ ಅನುಮಾನ ಉಳಿದರೆ ಆಗ 7 ಟೆಸ್ಲಾ ಮಾತು ಎತ್ತಿ.