ದೆಹಲಿಯ ದಾವೆಗೆ ಹೈಕೋರ್ಟೇ ಬೇಕೇ?

ಪ್ರಶ್ನೆ: ಮನೆ ಖರೀದಿಗೆಂದು ಕೊಟ್ಟ 60 ಲಕ್ಷ ರೂಪಾಯಿ ಮುಂಗಡವನ್ನು ಮಾರಾಟಗಾರರು ಹಿಂದಿರುಗಿಸುತ್ತಿಲ್ಲ. 20 ಲಕ್ಷ ಮೀರಿದ ದಾವೆಯನ್ನು ಹೈಕೋರ್ಟಿನಲ್ಲೇ ಹೂಡಬೇಕೆಂದು ಪರಿಚಿತರು ಹೇಳುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ದೆಹಲಿ

ಉತ್ತರ: ಅದು ಹಳೆಯ ಮಾತು. ದೆಹಲಿ ಹೈಕೋರ್ಟ್ ತಿದ್ದುಪಡಿ ಕಾಯ್ದೆಯು 2015ರ ಅಕ್ಟೋಬರ್ 26ರಂದು ಜಾರಿಗೆ ಬಂದು, ಜಿಲ್ಲಾ ನ್ಯಾಯಾಲಯಗಳ ಹಣಕಾಸಿನ ಮಿತಿಯನ್ನು 20 ಲಕ್ಷದಿಂದ 2 ಕೋಟಿ ರೂಪಾಯಿಗೆ ಏರಿಸಿತು. ಸಾಧಾರಣ ಫ್ಲ್ಯಾಟಿನ ವ್ಯಾಜ್ಯವೂ ಹೈಕೋರ್ಟಿನ ಮೆಟ್ಟಿಲೇರಬೇಕಾಗಿದ್ದ ದೆಹಲಿಯಲ್ಲಿ ಇದು ತಡವಾಗಿಯೇ ಆದ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. (ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಇಂಥ ಗರಿಷ್ಠ ಮಿತಿಯೇ ಇಲ್ಲವಾದ್ದರಿಂದ ನಮ್ಮವರಿಗೆ ಈ ಗೊಂದಲ ಅಪರಿಚಿತ.)

ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೇ ಕಲಮಿನಂತೆ, ಅಧಿಕಾರವುಳ್ಳ ನ್ಯಾಯಾಲಯಗಳಲ್ಲಿ ಅತ್ಯಂತ ಕೆಳಗಿನದರಲ್ಲೇ ದಾವೆ ಹೂಡಬೇಕಾಗಿರುವುದರಿಂದ, ನಿಮ್ಮ ದಾವೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುತ್ತದೆ. ದಾವೆಯ ದಿನದವರೆಗಿನ ಬಡ್ಡಿಯನ್ನು ಕೇಳಿದರೆ ಅದೂ ಮೌಲ್ಯಕ್ಕೆ ಸೇರುತ್ತದೆ. ಆದರೂ ನೀವು 2 ಕೋಟಿಯನ್ನು ಮುಟ್ಟಲಾರಿರಿ. ನ್ಯಾಯಾಲಯ ಬದಲಾದ ಮಾತ್ರಕ್ಕೆ ನ್ಯಾಯಾಲಯ ಶುಲ್ಕವೇನೂ ಇಳಿಯುವುದಿಲ್ಲ. ಜಿಲ್ಲಾ ನ್ಯಾಯಾಧೀಶರ ತೀರ್ಪಿನ ಮೇಲ್ಮನವಿ ಹೈಕೋರ್ಟಿಗೆ ಹೋಗುತ್ತದೆ. ಹಣ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ, ಕರಾರುಪತ್ರವನ್ನು ವಕೀಲರಿಗೆ ಬೇಗನೆ ತೋರಿಸಿರಿ.