ಕಳೆಯುವ ಲೆಕ್ಕ ಹೇಳಿಕೊಡುವಾಗಲೇ ಕೊಡುವ ಗುಣವನ್ನೂ ಕಲಿಸಬಹುದೇ?

ನಿಮ್ಮ ಮಗಳಿಗೆ ಐದೂವರೆ ವರ್ಷ. "ನಿನ್ನ ಹತ್ರ ಇರೋದ್ರಲ್ಲಿ ಮೂರು ತಮ್ಮನಿಗೆ ಕೊಡು, ಎಷ್ಟು ಉಳೀತು ಹೇಳು" ಅಂದರೆ ಎಲ್ಲವನ್ನೂ ಬಾಚಿಕೊಂಡು ಅಳುತ್ತಾಳೆ, ಲೆಕ್ಕವೂ ಬರುತ್ತಿಲ್ಲ, ಕೊಡುವ ಬುದ್ಧಿಯೂ ಬರುತ್ತಿಲ್ಲ, ಎರಡನ್ನೂ ಒಟ್ಟಿಗೆ ಕಲಿಸಲು ಹೊರಟಿದ್ದೇ ತಪ್ಪಾಯಿತೇ ಅಂತ ಕೇಳಿದ್ದೀರಿ.

ತಪ್ಪಾಗಿಲ್ಲ. ನಾನು ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಎರಡನ್ನೂ ಒಟ್ಟಿಗೇ ಕಲಿಸುತ್ತೇನೆ. ಆದರೆ ನಿಮ್ಮ ಪ್ರಶ್ನೆಯನ್ನೇ ಇನ್ನೊಂದು ಸಲ ಓದಿ ನೋಡಿ. "ಎಷ್ಟು ಉಳೀತು" ಅಂತ ಕೇಳಿದ್ದೀರಿ. ಕೊಟ್ಟ ಮೂರು ಏನಾಯಿತು ಅಂತ ಕೇಳಲಿಲ್ಲ. ಮಗುವಿನ ಕಣ್ಣಿಗೆ ಆ ಮೂರು ಮಾಯವಾದವು, ಅಷ್ಟೇ.

ಇದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಪೆನ್ಸಿಲ್ ಕಾಣದಿದ್ದರೆ "ಕಳೆದುಹೋಯ್ತು" ಅನ್ನುತ್ತೇವೆ, ಲೆಕ್ಕದಲ್ಲಿ "ಎಂಟರಲ್ಲಿ ಮೂರು ಕಳೆ" ಅನ್ನುತ್ತೇವೆ. ದೊಡ್ಡವರಿಗೆ ಇವೆರಡು ಬೇರೆ ಬೇರೆ ಮಾತು. ಐದು ವರ್ಷದ ಕಿವಿಗೆ ಒಂದೇ. ವರ್ಷದ ಮೊದಲ ವಾರದಲ್ಲಿ ಒಬ್ಬ ಹುಡುಗಿ, "ನಾನ್ಯಾಕೆ ಕಳೀಬೇಕು ಮಿಸ್? ಕಳೆದ್ರೆ ಅಮ್ಮ ಬೈತಾರೆ" ಅಂದಿದ್ದಳು. ಅವತ್ತಿನಿಂದ ಮೊದಲ ಎರಡು ತಿಂಗಳು ನಾನು "ಕಳೆ" ಅನ್ನುವ ಮಾತನ್ನೇ ಎತ್ತುವುದಿಲ್ಲ. "ತೆಗೆದಿಡು", "ಕೊಡು", "ಆ ಕಡೆ ಸರಿಸು" ಅನ್ನುತ್ತೇನೆ. ವ್ಯವಕಲನ ಅನ್ನುವ ಪದ ಇನ್ನೂ ಆಮೇಲೆ ಬಂದರೆ ಸಾಕು.

ನನಗೇ ಪಾಠ ಕಲಿಸಿದ್ದು ಇನ್ನೊಬ್ಬ ಹುಡುಗ. ಅವನ ಹತ್ತಿರ 7 ಮಣಿ ಇದ್ದವು. "ಎರಡು ಅಕ್ಕನಿಗೆ ಕೊಟ್ಟೆ. ಈಗ ಎಷ್ಟು?" ಅಂದೆ. "ಏಳು" ಅಂದ. ಎಣಿಸು ಅಂದೆ. ಬೆರಳಿಟ್ಟು ಐದು ಮಣಿ ಎಣಿಸಿದ, ತಲೆಯೆತ್ತಿ ಮತ್ತೆ "ಏಳು" ಅಂದ. ನಾನು ಇನ್ನೇನು ತಿದ್ದಬೇಕು, ಅಷ್ಟರಲ್ಲಿ ಅವನೇ ಹೇಳಿದ: "ಐದು ಇಲ್ಲಿದೆ ಮಿಸ್, ಎರಡು ಅಕ್ಕನ ಹತ್ರ. ಅಕ್ಕ ನಮ್ಮನೇಲೇ ಇರೋದಲ್ವಾ?"

ಅವನಿಗೆ ಲೆಕ್ಕ ಬರುತ್ತಿರಲಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ! ಇಡೀ, ಅದರ ಎರಡು ಭಾಗ, ಮೂರೂ ಅವನ ಕಣ್ಣೆದುರಿಗಿದ್ದವು. 7 − 2 = 5 ಅನ್ನುವುದೂ 5 + 2 = 7 ಅನ್ನುವುದೂ ಒಂದೇ ಸಂಗತಿಯ ಎರಡು ಮುಖ ಅಂತ ಮಕ್ಕಳಿಗೆ ಹೊಳೆಯಲು ಎಷ್ಟೋ ಸಲ ವರ್ಷವೇ ಹಿಡಿಯುತ್ತದೆ. ಇವನಿಗೆ ಅಕ್ಕನಿಂದಾಗಿ ಹೊಳೆದಿತ್ತು. ನನ್ನ ಪ್ರಶ್ನೆಯೇ ಒರಟಾಗಿತ್ತು. "ನಿನ್ನ ಕೈಯಲ್ಲಿ ಎಷ್ಟು?" ಅಂತ ಕೇಳಬೇಕಿತ್ತು.

ಹಾಗಾಗಿ ಈಗ ಕೊಡುವ ಲೆಕ್ಕದಲ್ಲಿ ತೆಗೆದುಕೊಳ್ಳುವವರು ಎದುರಿಗೇ ಕೂತಿರಬೇಕು. ಎರಡು ತಟ್ಟೆ ಇಡಿ, ಒಂದು ಮಗಳದು, ಒಂದು ತಮ್ಮನದು. ಮಗಳ ತಟ್ಟೆಯಲ್ಲಿ ಎಂಟು ಬಟನ್ ಹಾಕಿ. ಮೂರು ಬಟನ್ ಆ ತಟ್ಟೆಗೆ ಹೋದ ಮೇಲೆ ಎರಡು ಪ್ರಶ್ನೆ: ನಿನ್ನ ಹತ್ರ ಎಷ್ಟು, ಅವನ ಹತ್ರ ಎಷ್ಟು? ಕೊನೆಗೆ ಎರಡನ್ನೂ ಸೇರಿಸಿ ಎಣಿಸಲಿ. ಅದೇ ಎಂಟು. ಸರಿನೋಡುವ ಕ್ರಮವೂ ಅಲ್ಲೇ ಬಂತು. ಬಟನ್ನಿನಿಂದ ಶುರುಮಾಡಿ, ಕೆಲವು ದಿನ ಬಿಟ್ಟು ಚಿತ್ರ ಬರೆಸಿ, ಕಡೆಗೆ ಅಂಕಿ ಮತ್ತು ಆ ಅಡ್ಡಗೆರೆಯ ಚಿಹ್ನೆ. ಕೈ, ಚಿತ್ರ, ಚಿಹ್ನೆ ಅನ್ನುವ ಈ ಕ್ರಮವನ್ನು 1960ರ ದಶಕದಲ್ಲಿ ಜೆರೋಮ್ ಬ್ರೂನರ್ ಎಂಬ ಮನಶ್ಶಾಸ್ತ್ರಜ್ಞ ಬಿಡಿಸಿ ಹೇಳಿದರು. ಚಿಹ್ನೆಗೆ ಅವಸರ ಮಾಡಬೇಡಿ.

ಇನ್ನು ಅಳುವಿನ ವಿಷಯ. "ಕೊಡು" ಅಂತ ನೀವು ಹೇಳಿ, ಅವಳು ಕೊಟ್ಟರೆ ಅದು ಕೊಟ್ಟಂತಲ್ಲ, ನೀವು ಕಿತ್ತುಕೊಂಡಂತೆ. ಬಲವಂತ ಮಾಡದೆ ಕೇಳಿ: "ತಮ್ಮನಿಗೆ ಕೊಡ್ತೀಯಾ? ಎಷ್ಟು?" "ಕೊಡಲ್ಲ" ಅಂದರೆ ಮುಖ ಗಂಟುಹಾಕಬೇಡಿ. 8 − 0 = 8 ಅಂತ ಬರೆಸಿ. ಸೊನ್ನೆ ಕಳೆಯುವ ಲೆಕ್ಕ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಂದರ್ಭ ನನಗಂತೂ ಸಿಕ್ಕಿಲ್ಲ. ತಮಾಷೆಗೆ ಹೇಳುತ್ತಿಲ್ಲ. ನಾಡಿಯಾ ಚೆರ್ನ್ಯಾಕ್ ಮತ್ತು ತಮರ್ ಕುಶ್ನಿರ್ 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಸಪ್ಪೆ ಮೋರೆಯ ನಾಯಿಬೊಂಬೆಗೆ ಸ್ಟಿಕ್ಕರ್ ಕೊಡುವುದೋ, ತಾನೇ ಇಟ್ಟುಕೊಳ್ಳುವುದೋ ಅನ್ನುವುದನ್ನು ಕೆಲವು ಪುಟಾಣಿಗಳ ಆಯ್ಕೆಗೇ ಬಿಟ್ಟರು, ಇನ್ನು ಕೆಲವರಿಗೆ ಕೊಡಲೇಬೇಕು ಅಂದರು. ಆಮೇಲೆ ಇನ್ನೊಂದು ಬೊಂಬೆ ಬಂದಾಗ ಹೆಚ್ಚು ಹಂಚಿದವರು ಮೊದಲು ಸ್ವಂತ ಆಯ್ಕೆಯಿಂದ ಕೊಟ್ಟವರೇ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ನಿಮಗೆ ಸಮಾಧಾನ ಕೊಟ್ಟೀತು: ಸಮವಾಗಿ ಹಂಚಬೇಕು ಅಂತ 3 ವರ್ಷದವರೂ ಬಾಯಲ್ಲಿ ಹೇಳುತ್ತಾರೆ, ಹೇಳಿದಂತೆ ನಡೆಯುವುದು ಮಾತ್ರ 7–8ರ ಹೊತ್ತಿಗೆ. ನಿಮ್ಮ ಮಗಳು ಜಿಪುಣಿಯಲ್ಲ, ಐದೂವರೆ ವರ್ಷದವಳು.

ಕೊಟ್ಟಿದ್ದಕ್ಕೆ ಬಹುಮಾನ, ಸ್ಟಾರು ಕೊಡುವ ಅಭ್ಯಾಸ ಇದ್ದರೆ ನಿಲ್ಲಿಸಿ. ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ಈಗ ನನಗೆ ತುಂಬ ಇಷ್ಟವಾದ ಆಟ. ಇಬ್ಬರು ಮಕ್ಕಳು ಎದುರುಬದುರು. ಒಬ್ಬಳ ಹತ್ತಿರ 8 ಬಟನ್, ಇನ್ನೊಬ್ಬನ ಹತ್ತಿರ 4. "ಇಬ್ಬರದೂ ಸಮ ಆಗ್ಬೇಕು" ಅಂತಷ್ಟೇ ಹೇಳಿ ನಾನು ಸುಮ್ಮನಾಗುತ್ತೇನೆ. ಹುಡುಗಿ ಇಬ್ಬರ ಸಾಲನ್ನೂ ಪಕ್ಕಪಕ್ಕ ಜೋಡಿಸುತ್ತಾಳೆ, ತನ್ನದು ನಾಲ್ಕು ಜಾಸ್ತಿ ಅಂತ ಕಂಡುಕೊಳ್ಳುತ್ತಾಳೆ, ಆ ನಾಲ್ಕನ್ನೂ ಧಾರಾಳವಾಗಿ ಅತ್ತ ತಳ್ಳುತ್ತಾಳೆ. ಈಗ ಅವನ ಹತ್ತಿರ 8, ಅವಳ ಹತ್ತಿರ 4! ಇಬ್ಬರೂ ಬೆಪ್ಪು. ಅವನು ನಾಲ್ಕನ್ನು ವಾಪಸ್ ತಳ್ಳುತ್ತಾನೆ, ಮತ್ತೆ ಮೊದಲಿನ ಹಾಗೇ. ಒಂದು ಜೋಡಿ ಹೀಗೆ ಮೂರು ಸಲ ಆಚೀಚೆ ಮಾಡಿ ಬಿದ್ದುಬಿದ್ದು ನಕ್ಕಿದ್ದರು. ಆಮೇಲೆ ಹುಡುಗಿ ಒಂದೊಂದಾಗಿ ಸರಿಸಿದಳು. 7 ಮತ್ತು 5. 6 ಮತ್ತು 6. "ನಾನು ಒಂದು ಕೊಟ್ರೆ ಎರಡು ಹತ್ರ ಬರ್ತೀವಿ" ಅಂದಳು. ಅವಳದು ಒಂದು ಇಳಿಯಿತು, ಅವನದು ಒಂದು ಏರಿತು, ಅಂತರ ಎರಡು ಕುಗ್ಗಿತು. ಬೀಜಗಣಿತ ಕಲಿತವರೂ ಇಲ್ಲಿ ಒಂದು ಕ್ಷಣ ಎಡವುತ್ತಾರೆ, ಮನೆಯಲ್ಲಿ ದೊಡ್ಡವರ ಮೇಲೆ ಪ್ರಯೋಗಿಸಿ ನೋಡಿ. ಒಂದು ಎಚ್ಚರಿಕೆ: ಅಂತರ ಬೆಸಸಂಖ್ಯೆಯಾದರೆ, ಉದಾಹರಣೆಗೆ 7 ಮತ್ತು 4, ಒಂದು ಮಿಗುತ್ತದೆ. ಅದನ್ನೇನು ಮಾಡುವುದು ಅಂತ ಅವರೇ ಜಗಳವಾಡಿ ತೀರ್ಮಾನಿಸಲಿ, ನೀವು ನಡುವೆ ಹೋಗಬೇಡಿ.

ಈ ಆಟಕ್ಕೆ ಇನ್ನೊಂದು ಕಾರಣವೂ ಇದೆ. ಕಳೆಯುವುದು ಅಂದರೆ ಬರೀ ಕೊಡುವುದಲ್ಲ. "ಅವಳದು ನನ್ನದಕ್ಕಿಂತ ಎಷ್ಟು ಜಾಸ್ತಿ?" ಅನ್ನುವಾಗ ಯಾರೂ ಯಾರಿಗೂ ಏನೂ ಕೊಟ್ಟಿಲ್ಲ. "ನನಗೆ 10 ಬೇಕು, 6 ಇದೆ, ಇನ್ನೆಷ್ಟು?" ಅನ್ನುವಾಗ ಕೈಗೆ ಬರಬೇಕೇ ಹೊರತು ಹೋಗಬೇಕಾಗಿಲ್ಲ. ಮೂರಕ್ಕೂ ಲೆಕ್ಕ ಒಂದೇ. ಕೊಡುವ ಕತೆಯನ್ನೇ ಹಿಡಿದು ಕೂತರೆ ಈ ಎರಡು ಬಗೆ ಎದುರಾದಾಗ ಮಗು ತಬ್ಬಿಬ್ಬಾಗುತ್ತದೆ. ವಾರಕ್ಕೊಂದೆರಡು ದಿನ ಕೊಡುವ ಲೆಕ್ಕ, ಮಿಕ್ಕ ದಿನ ಹೋಲಿಸುವುದು, ತುಂಬಿಸುವುದು ಇರಲಿ.

ಮುಂದೆ 32ರಲ್ಲಿ 7 ತೆಗೆಯುವ ಲೆಕ್ಕ ಬಂದಾಗ "ಪಕ್ಕದ ಮನೆಯಿಂದ ಸಾಲ ತಗೋ" ಅಂತ ಮಾತ್ರ ಹೇಳಿಕೊಡಬೇಡಿ. "ವಾಪಸ್ ಯಾವಾಗ ಕೊಡೋದು?" ಅಂತ ಒಬ್ಬ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದು ಸಾಲವೇ ಅಲ್ಲ. ಹತ್ತರ ಒಂದು ಕಡ್ಡಿಕಟ್ಟು ಬಿಚ್ಚಿದರೆ ಬಿಡಿ ಕಡ್ಡಿ 12 ಆಗುತ್ತವೆ, ಏಳು ತೆಗೆದರೆ ಐದು, ಜೊತೆಗೆ ಬಿಚ್ಚದ ಎರಡು ಕಟ್ಟು. 25.

ಅಂದಹಾಗೆ ಆ ಏಳು ಮಣಿಯ ಹುಡುಗ ಚಿಹ್ನೆ ಕಲಿತ ಮೇಲೂ ತನ್ನ ಪದ್ಧತಿ ಬಿಡಲಿಲ್ಲ. 7 − 2 = 5 ಅಂತ ಬರೆದು, ಆ 2ರ ಕೆಳಗೆ ಜಡೆ ಹಾಕಿದ ಒಂದು ಪುಟ್ಟ ತಲೆ ಬರೆಯುತ್ತಿದ್ದ. ಪರೀಕ್ಷೆಯ ಹಾಳೆಯಲ್ಲೂ. ನಾನು ಅಳಿಸು ಅನ್ನಲಿಲ್ಲ.